ಖರಾಬ ಅಂದ ನೆಲವೇ ನೀರಿನ ಬಾಗಿಲು

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಯಾವ ಊರಿಗೆ ಹೋದರೂ ಬೇಸಿಗೆಯಲ್ಲಿ ಎರಡು ಗಾಡಿ ಕಣ್ಣಿಗೆ ಬೀಳುತ್ತವೆ. ಒಂದು, ಊರ ಹೊರಗಿನ ಮರಡಿಯಿಂದ ಗರಸು ಹೇರಿಕೊಂಡು ಇಳಿಯುವ ಟಿಪ್ಪರ್. ಇನ್ನೊಂದು, ಉದ್ದುದ್ದ ಕಬ್ಬಿಣದ ಪೈಪು ಹೊತ್ತು ಊರೊಳಗೆ ಬರುವ ಬೋರ್ ಗಾಡಿ. ಮೊದಲನೆಯದು ಮನೆಗೆ ನಾಲ್ಕು ದುಡ್ಡು ಕೊಟ್ಟು ಹೋಗುತ್ತದೆ. ಎರಡನೆಯದು ಅದಕ್ಕಿಂತ ಹೆಚ್ಚು ಇಸಿದುಕೊಂಡು ಹೋಗುತ್ತದೆ.

ಈ ಎರಡೂ ಗಾಡಿಗಳಿಗೆ ಒಂದಕ್ಕೊಂದು ಸಂಬಂಧ ಇದೆ ಎಂದರೆ ಬಹಳ ಮಂದಿ ನಂಬುವುದಿಲ್ಲ. ಗರಸು ಹೋದದ್ದು ಮ್ಯಾಲಿನ ಮರಡಿಯದು, ನೀರು ಬತ್ತಿದ್ದು ತಳಗಿನ ಹೊಲದ್ದು, ಎಲ್ಲಿಂದೆಲ್ಲಿಗೆ ಸಂಬಂಧ ಅಂತಾರೆ. ಆದರೆ ಸಂಬಂಧ ಅದೆ. ಅದೂ ಬಹಳ ಹತ್ತಿರದ್ದು.

ಮಾತುಕತೆ ಎಲ್ಲ ಊರಲ್ಲಿಯೂ ಒಂದೇ ತರಹ ನಡೆಯುತ್ತದೆ. ಪುಣೆಯಲ್ಲೋ ಸೊಲ್ಲಾಪುರದಲ್ಲೋ ಕೆಲಸಕ್ಕಿರುವ ಅಣ್ಣನ ಮಗ ಊರಿಗೆ ಬಂದಾಗ ಹೇಳುತ್ತಾನೆ: "ಕಾಕಾ, ಆ ಮರಡಿ ಮ್ಯಾಲ ಏನರೆ ಬೆಳಿತದೇನ್ರಿ? ಉತಾರದಾಗೂ ಖರಾಬ ಅಂತನ ಅದ. ಗರಸು ಕೊಟ್ಟರ ದುಡ್ಡರೆ ಬರತಾವ." ಕಾಕಾ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಮಗಳ ಮದುವೆ ಇರುತ್ತದೆ, ಸೊಸೈಟಿ ಸಾಲ ಇರುತ್ತದೆ. "ಹೂಂ, ಕೊಡೂನು ಬಿಡಪಾ" ಅನ್ನುತ್ತಾರೆ. ಎರಡು ಬೇಸಿಗೆ ಕಳೆಯುವುದರಲ್ಲಿ ಮರಡಿಯ ಬುಡದ ಬಾವಿಗೆ ನೀರು ಕಡಿಮೆ ಆಗುತ್ತದೆ. ಆಗ ಅದೇ ಮನೆಯವರು ಬೋರ್ ಗಾಡಿಗೆ ಫೋನ್ ಹಚ್ಚುತ್ತಾರೆ.

ಇಲ್ಲಿ ಯಾರನ್ನೂ ದೂರಬೇಕಾಗಿಲ್ಲ. ಕಾಕಾನ ತಪ್ಪೂ ಅಲ್ಲ, ಅಣ್ಣನ ಮಗನ ತಪ್ಪೂ ಅಲ್ಲ. ತಪ್ಪು ಇರುವುದು 'ಖರಾಬ' ಎಂಬ ಆ ಒಂದು ಶಬ್ದದಲ್ಲಿ.

ಬಾವಿಯ ಗೋಡೆ ಓದಿದರೆ

ಭೂಗರ್ಭಶಾಸ್ತ್ರ ಕಲಿಯಲು ಕಾಲೇಜಿಗೇ ಹೋಗಬೇಕೆಂದಿಲ್ಲ. ಊರಲ್ಲಿ ಕಟ್ಟೆ ಕಟ್ಟಿಸದ ಹಳೆಯ ಬಾವಿ ಒಂದಿದ್ದರೆ ಸಾಕು. ಮೆಟ್ಟಿಲು ಇಳಿಯುತ್ತ ಗೋಡೆ ನೋಡಿದರೆ ನೆಲದ ಪೂರ್ತಿ ಕತೆ ಅಲ್ಲಿಯೇ ಇದೆ.

ಎಲ್ಲಕ್ಕೂ ಮೇಲೆ ಎರಿ ಮಣ್ಣು. ಹಳ್ಳದ ದಂಡೆಗೆ ಆಳು ಮುಳುಗುವಷ್ಟು ದಪ್ಪ ಇರುತ್ತದೆ, ಮರಡಿಯ ಕಡೆ ಬಂದಂತೆ ಗೇಣುದ್ದಕ್ಕೆ ಬರುತ್ತದೆ. ಎರಿಯ ತಳದಲ್ಲಿ ಬಿಳಿಯ ಸುಣ್ಣದ ಹರಳು ಕಾಣುತ್ತವೆ. ಮಳೆನೀರು ಮೇಲಿನಿಂದ ಕರಗಿಸಿ ತಂದ ಸುಣ್ಣ ಕೆಳಗೆ ಗಟ್ಟಿಯಾಗಿ ಕುಳಿತದ್ದು ಅದು. ಅದರ ಕೆಳಗೆ ಗರಸು. ಮರಾಠಿಯವರು ಮುರೂಮ ಅನ್ನುವುದು ಇದಕ್ಕೇ. ಹಳದಿ, ಕಂದು ಬಣ್ಣ. ಸಲಿಕೆಗೆ ಬರುತ್ತದೆ, ಕೈಯಲ್ಲಿ ಹಿಚುಕಿದರೆ ಪುಡಿಯಾಗುತ್ತದೆ.

ಗರಸಿನೊಳಗೆ ಅಲ್ಲಲ್ಲಿ ದುಂಡನೆಯ ಗುಂಡು ಸಿಗುತ್ತವೆ. ಸುತ್ತಲೂ ಉಳ್ಳಾಗಡ್ಡಿ ಸಿಪ್ಪೆಯಂತೆ ಪದರು ಪದರಾಗಿ ಬಿಚ್ಚುತ್ತವೆ, ನಟ್ಟ ನಡುವೆ ಮಾತ್ರ ಗಟ್ಟಿ ಕರಿಗಲ್ಲು ಉಳಿದಿರುತ್ತದೆ. ಗರಸು ಎಂದರೆ ಏನು ಎಂಬುದಕ್ಕೆ ಇದೇ ಸಾಕ್ಷಿ. ಅದು ಬೇರೆ ಕಡೆಯಿಂದ ಬಂದು ಬಿದ್ದ ಮಣ್ಣಲ್ಲ. ಅದೇ ಜಾಗದ ಕರಿಗಲ್ಲು ನೀರು, ಗಾಳಿ, ಬಿಸಿಲಿಗೆ ಸಿಕ್ಕು ಕೊಳೆತದ್ದು. ಇನ್ನೂ ಕೊಳೆತು ನುಣ್ಣಗಾದರೆ ಅದೇ ಮುಂದೆ ಎರಿ. ಅಂದರೆ ಕಲ್ಲು ಅಜ್ಜ, ಗರಸು ಮಗ, ಎರಿ ಮೊಮ್ಮಗ.

ಗರಸಿನ ಕೆಳಗೆ ಅರ್ಧ ಕೊಳೆತ, ಬಿರುಕು ಬಿಟ್ಟ ಕಲ್ಲು. ಅದಕ್ಕೂ ಕೆಳಗೆ ಮದ್ದು ಇಟ್ಟರೂ ಒಪ್ಪದ ಗಟ್ಟಿ ಕಲ್ಲು. ಮರಾಠಿಯಲ್ಲಿ ಕಾಳಾ ಪಾಷಾಣ. ವಿಜ್ಞಾನಿಗಳು ಬಸಾಲ್ಟ್ ಅನ್ನುತ್ತಾರೆ. ವಿಜಯಪುರದ ಗೋಳಗುಮ್ಮಟ ನಿಂತಿರುವುದೂ ಇದೇ ಜಾತಿಯ ಕಲ್ಲಿನಲ್ಲಿ.

ಈ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ಆಗ ಈ ಭಾಗದ ನೆಲ ಉದ್ದುದ್ದ ಬಿರಿದು ಒಳಗಿನ ಲಾವಾರಸ ಉಕ್ಕಿ ಹರಿಯಿತು. ಒಂದು ಸಲ ಅಲ್ಲ, ಮತ್ತೆ ಮತ್ತೆ. ದೋಸೆಯ ಮೇಲೆ ದೋಸೆ ಹಾಕಿದಂತೆ ಪದರಿನ ಮೇಲೆ ಪದರು ಕುಳಿತಿತು. ಇಂದಿಗೂ ಉಳಿದಿರುವ ಈ ಹಾಸಿನ ವಿಸ್ತಾರ ಸುಮಾರು 5 ಲಕ್ಷ ಚದರ ಕಿ.ಮೀ. ಪಶ್ಚಿಮ ಘಟ್ಟದ ಕಡೆ ದಪ್ಪ ಹೆಚ್ಚು, ಪೂರ್ವಕ್ಕೆ ಬಂದಂತೆ ಕಡಿಮೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಿಯಾಚೆಯ ಇಂಡಿ, ಚಡಚಣ, ಆಳಂದ ಎಲ್ಲವೂ ಇದೇ ಹಾಸಿನ ಮೇಲಿವೆ. ರಾಜ್ಯಗಳ ಗಡಿ ಬಿದ್ದದ್ದು 1956ರಲ್ಲಿ. ಕಲ್ಲಿಗೆ ಆ ಗಡಿ ಗೊತ್ತಿಲ್ಲ. ನೆಲದೊಳಗಿನ ನೀರಿಗೂ ಗೊತ್ತಿಲ್ಲ.

ಪ್ರತಿ ಲಾವಾ ಪದರಿಗೂ ಒಂದು ಸ್ವಭಾವ ಇದೆ. ರಸ ಆರುವಾಗ ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬಂದದ್ದರಿಂದ ಪದರಿನ ಮೇಲ್ಭಾಗ ತೂತು ತೂತಾಗಿದೆ. ಆ ತೂತುಗಳಲ್ಲಿ ಮುಂದೆ ಬಿಳಿಯ ಹರಳು ಬೆಳೆದವು. ಹೊಲದಲ್ಲಿ ಮಕ್ಕಳು ಆರಿಸಿ ಆಡುವ ಹೊಳೆಯುವ ಬಿಳಿ ಹರಳು ಇವೇ. ಪದರಿನ ನಡುಭಾಗ ಗಟ್ಟಿ, ಅಲ್ಲಿ ಆರುವಾಗ ಬಿದ್ದ ಬಿರುಕು ಬಿಟ್ಟರೆ ಬೇರೆ ದಾರಿ ಇಲ್ಲ. ಎರಡು ಪದರುಗಳ ನಡುವೆ ಕೆಲವೆಡೆ ಕೆಂಪು ಮಣ್ಣಿನ ಗೆರೆ ಕಾಣುತ್ತದೆ. ಒಂದು ಲಾವಾ ಆರಿ, ಇನ್ನೊಂದು ಬರುವ ಮೊದಲು ಆದ ಮಣ್ಣು ಅದು.

ನೀರು ನಿಲ್ಲುವುದು ಎಲ್ಲಿ? ಗರಸಿನಲ್ಲಿ, ಕೊಳೆತ ಕಲ್ಲಿನಲ್ಲಿ, ತೂತಿನ ಪದರಿನಲ್ಲಿ, ಬಿರುಕಿನಲ್ಲಿ. ಗಟ್ಟಿ ಕಲ್ಲಿನ ಒಡಲಲ್ಲಿ ನೀರಿಲ್ಲ. ಬಹಳ ಮಂದಿ ತಿಳಿದಂತೆ ಭೂಮಿಯ ಕೆಳಗೆ ನದಿಯೂ ಹರಿಯುತ್ತಿಲ್ಲ, ಕೆರೆಯೂ ತುಂಬಿ ನಿಂತಿಲ್ಲ.

ಎರಿ ಮುಚ್ಚಿಕೊಳ್ಳುತ್ತದೆ, ಗರಸು ದಾರಿ ಬಿಡುತ್ತದೆ

ಎರಿ ಹೊಲದ ಒಡೆಯನಿಗೆ ಊರಲ್ಲಿ ಮಾನ ಹೆಚ್ಚು. ಅದು ನ್ಯಾಯವೇ. ಎರಿ ಮಣ್ಣಿನ ಜೇಡಿಗೆ ಒಂದು ವಿಶೇಷ ಗುಣ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರಿ ಹೊಲದ ಬಿರುಕಿನಲ್ಲಿ ಕೋಲು ಹಾಕಿದರೆ ಕೋಲೇ ಮುಳುಗುತ್ತದೆ. ಮಳೆಗಾಲದ ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಹಿಂಗಾರಿಗೆ ಕೊಡುವ ಶಕ್ತಿ ಅದಕ್ಕಿದೆ. ಅದರಿಂದಲೇ ಇಲ್ಲಿ ಬಿಳಿಜೋಳ. ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಆರಿಸಿದ ಮಾಲದಂಡಿ ತಳಿ ಎಂ 35-1 ಇಂದಿಗೂ ಗಡಿಯ ಎರಡೂ ಬದಿಯ ರೊಟ್ಟಿಗೆ ಹೆಸರಾಗಿದೆ.  ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿದೆ.

ಆದರೆ ಎರಿಯ ಇದೇ ಗುಣಕ್ಕೆ ಇನ್ನೊಂದು ಮುಖವಿದೆ. ಮೊದಲ ಮಳೆ ಬಿರುಕಿನಲ್ಲಿ ಇಳಿಯುತ್ತದೆ ನಿಜ. ಎರಡು-ಮೂರು ಹದ ಮಳೆ ಆದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ಮಳೆಗೆ ಕೆಳಗಿಳಿಯಲು ದಾರಿಯೇ ಸಾಲದು. ಹೊಲದಲ್ಲಿ ನಿಲ್ಲುತ್ತದೆ, ಇಲ್ಲವೆ ಒಡ್ಡು ಒಡೆದು ಹಳ್ಳಕ್ಕೆ ಓಡುತ್ತದೆ. ಎರಿ ತನ್ನ ಮೇಲಿನ ಬೆಳೆಗೆ ತಾಯಿ. ಆದರೆ ಬಾವಿಗೆ ಹೆಚ್ಚು ನೀರು ಇಳಿಸಿಕೊಡುವುದು ಅದಲ್ಲ.

ಬಾವಿಗೆ ನೀರು ಇಳಿಸುವುದು ಮರಡಿಯ ಗರಸು. ಅದರ ಮೇಲೆ ಮಣ್ಣು ತೆಳು, ಕಣ ದಪ್ಪ, ನಡುವೆ ಸಂದು. ಮಳೆ ಬಿದ್ದರೆ ಜಾರಿ ಹೋಗುವುದಕ್ಕಿಂತ ಮೊದಲು ಒಂದಿಷ್ಟು ಒಳಗೆ ಇಳಿಯುತ್ತದೆ. ಹುಲ್ಲು, ಕಂಟಿ ಇದ್ದರೆ ಇನ್ನೂ ಹೆಚ್ಚು. ಗರಸಿನಲ್ಲಿ ಇಳಿದ ನೀರು ಕೆಳಗಿನ ಗಟ್ಟಿ ಕಲ್ಲಿಗೆ ಬಡಿದು ಅಡ್ಡ ಹೊರಳುತ್ತದೆ, ಇಳುಕಲಿನ ಗುಂಟ ನಿಧಾನವಾಗಿ ಬಸಿದು ತಗ್ಗಿನ ಬಾವಿಗೆ ಸೆಲೆಯಾಗಿ ಬರುತ್ತದೆ. ದೀಪಾವಳಿ ಮುಗಿದ ಮೇಲೂ ಹಳ್ಳದಲ್ಲಿ ತೆಳ್ಳಗೆ ನೀರು ಹರಿಯುತ್ತಿದ್ದರೆ ಅದು ಮರಡಿಯ ಗರಸು ಹಿಡಿದಿಟ್ಟು ಬಿಟ್ಟ ನೀರು.

ಉತಾರದಲ್ಲಿ ಖರಾಬ ಅಂತ ಬರೆದ ಜಾಗವೇ ಊರಿನ ನೀರಿನ ಬಾಗಿಲು ಎಂಬುದನ್ನು ಗಮನಿಸಬೇಕು.

ಉತಾರದ ಲೆಕ್ಕ, ನೆಲದ ಲೆಕ್ಕ

ಸಾತ್ ಬಾರಾ ಉತಾರದಲ್ಲಿ 'ಪೋಟಖರಾಬ' ಎಂಬ ಕಲಮು ಇರುತ್ತದೆ. ಗಡಿಯಾಚೆಯ ಪಹಣಿಯಲ್ಲಿಯೂ ಖರಾಬು ಅಂತ ಬರೆಯುತ್ತಾರೆ. ಸಾಗುವಳಿಗೆ ಬರದ ನೆಲ ಎಂದು ಅದರ ಅರ್ಥ. ಅದನ್ನು ಬರೆದವರು ನೋಡಿದ್ದು ಕಂದಾಯ. ಬೆಳೆ ಇಲ್ಲದಲ್ಲಿ ಕಂದಾಯ ಇಲ್ಲ, ಕಂದಾಯ ಇಲ್ಲದ್ದು ಖರಾಬ. ಕಂದಾಯದ ಲೆಕ್ಕಕ್ಕೆ ಅದು ಸರಿ. ಆದರೆ ಒಂದು ಕಚೇರಿಯ ಲೆಕ್ಕದ ಶಬ್ದ ನಾಲ್ಕು ತಲೆಮಾರು ದಾಟಿ ಮನೆಯವರ ಮನಸ್ಸಿನ ಶಬ್ದ ಆಗಿಬಿಟ್ಟಿದೆ. ಅಜ್ಜ ಅದಕ್ಕೆ ಮರಡಿ ಅನ್ನುತ್ತಿದ್ದ, ಕುರಿ ಬಿಡುತ್ತಿದ್ದ. ಜತ್ತ ಸೀಮೆಯ ಹೆಸರಾಂತ ಮಾಡಗ್ಯಾಳ ತಳಿಯ ಕುರಿ ಮೇದು ಬೆಳೆದದ್ದು ಇಂಥ ಮರಡಿ, ಮಾಳಗಳಲ್ಲಿಯೇ. ಮೊಮ್ಮಗ ಅದಕ್ಕೆ ಖರಾಬ ಅನ್ನುತ್ತಾನೆ, ಟಿಪ್ಪರ್ ಬಿಡುತ್ತಾನೆ.

ಖರಾಬ ಎಂಬುದು ಬೆಳೆಯ ಲೆಕ್ಕದಲ್ಲಿಯೂ ಈಗ ಪೂರ್ತಿ ಸತ್ಯವಲ್ಲ. ನೀರು ನಿಲ್ಲದ ಹಗುರ ಗರಸಿನ ನೆಲ ದಾಳಿಂಬೆಗೆ ಒಪ್ಪುತ್ತದೆ. ಎರಿಯಲ್ಲಿ ಅದರ ಬೇರು ಕೊಳೆಯುತ್ತದೆ. ಸಾಂಗೋಲೆ, ಜತ್ತದ ಕಡೆ ದಾಳಿಂಬೆ ಎದ್ದದ್ದು ಹೀಗೆ. ಸೊಲ್ಲಾಪುರದಲ್ಲಿ 2005ರಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಬಂತು. 2016ರಲ್ಲಿ ಸೊಲ್ಲಾಪುರ ದಾಳಿಂಬೆಗೂ ಭೌಗೋಳಿಕ ಗುರುತು ಸಿಕ್ಕಿತು.

ಜಮಾ ಎಷ್ಟು, ಖರ್ಚು ಎಷ್ಟು?

ಅಂಗಡಿ ಇಟ್ಟವರು ದಿನಾ ಸಂಜೆ ಖಾತೆ ನೋಡುತ್ತಾರೆ. ನೆಲಕ್ಕೂ ಒಂದು ಖಾತೆ ಬರೆದು ನೋಡಬೇಕು. ಲೆಕ್ಕ ಕಷ್ಟದ್ದಲ್ಲ.

ಈ ಭಾಗದ ಒಂದು ವರ್ಷದ ಮಳೆ 550 ಮಿ.ಮೀ. ಎಂದು ಹಿಡಿಯೋಣ. ಒಂದು ಎಕರೆ ಮೇಲೆ ಬೀಳುವ ನೀರು ಸುಮಾರು 22 ಲಕ್ಷ ಲೀಟರ್. ಇದರಲ್ಲಿ ನೆಲದೊಳಗೆ ಇಳಿದು ಬಾವಿಗೆ ಜಮಾ ಆಗುವುದು ಎಷ್ಟು? ದೇಶದ ಭೂಜಲ ಅಂದಾಜಿಗೆ ಬಳಸುತ್ತಿದ್ದ 1997ರ ಸಮಿತಿಯ ಪ್ರಮಾಣದಂತೆ ಕೊಳೆತ ಬಸಾಲ್ಟ್ ಇದ್ದಲ್ಲಿ ನೂರಕ್ಕೆ 7 ಪಾಲು, ತೂತು-ಬಿರುಕಿನ ಬಸಾಲ್ಟ್ ಇದ್ದಲ್ಲಿ ನೂರಕ್ಕೆ 13 ಪಾಲು. ಅಂದರೆ ಎಕರೆಗೆ ವರ್ಷದ ಜಮಾ ಒಂದೂವರೆ ಲಕ್ಷದಿಂದ ಮೂರು ಲಕ್ಷ ಲೀಟರ್.

ಈಗ ಖರ್ಚು. ಹರಿನೀರು ಬಿಟ್ಟು ಬೆಳೆದ ಕಬ್ಬಿಗೆ ವರ್ಷಕ್ಕೆ 2,000 ಮಿ.ಮೀ. ನೀರು ಬೇಕೆಂದು ಹಿಡಿದರೆ ಎಕರೆಗೆ 80 ಲಕ್ಷ ಲೀಟರ್. ಬಿದ್ದ ಮಳೆ ಒಂದು ಹನಿಯೂ ಪೋಲಾಗದೆ ಕಬ್ಬಿಗೇ ಹೋಯಿತು ಎಂದುಕೊಂಡರೂ ಇನ್ನೂ 58 ಲಕ್ಷ ಲೀಟರ್ ನೆಲದಿಂದ ಎತ್ತಬೇಕು. ಎಕರೆಗೆ ಮೂರು ಲಕ್ಷ ಜಮಾ ಎಂದರೂ ಒಂದು ಎಕರೆ ಕಬ್ಬು ಸುತ್ತಲಿನ ಸುಮಾರು 20 ಎಕರೆಯ ಜಮಾ ನುಂಗುತ್ತದೆ. ಹನಿ ನೀರಾವರಿ ಮಾಡಿದರೆ ಖರ್ಚು ಇಳಿಯುತ್ತದೆ, ಆದರೂ ಜಮಾದಷ್ಟಕ್ಕೆ ಇಳಿಯುವುದಿಲ್ಲ. ಉಜನಿಯ ಇಲ್ಲವೆ ಮ್ಹೈಸಾಳದ ಕಾಲುವೆ ನೀರು ಬರುವಲ್ಲಿ ಲೆಕ್ಕ ಬೇರೆ. ಬರೀ ಬಾವಿ-ಬೋರಿನ ಮೇಲೆ ಕಬ್ಬು ಹಚ್ಚಿದಲ್ಲಿ ಇದು ದಿವಾಳಿಯ ಲೆಕ್ಕವೇ. ಕಾಲುವೆ ಬಂದಲ್ಲಿಯೂ ಎರಿಗೆ ಸಿಕ್ಕಾಪಟ್ಟೆ ನೀರು ಬಿಟ್ಟರೆ ಸವಳು ಏಳುತ್ತದೆ. ಉಪ್ಪು ಮೇಲೆ ಬಂದು ಬೆಳ್ಳಗಾದ ಹೊಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತಿಜೋರಿ. ಕೊಳೆತ ಬಸಾಲ್ಟ್ ಪೂರ್ತಿ ತೋಯ್ದು ನಿಂತಾಗ ಅದರಿಂದ ಬಸಿದು ಸಿಗುವ ನೀರು ಅದರ ಗಾತ್ರದ ನೂರಕ್ಕೆ ಸುಮಾರು 2 ಪಾಲು ಮಾತ್ರ. ಗಂಗಾ ಬಯಲಿನಂಥ ಕಡೆಯ ಉಸುಕಿನ ಮಣ್ಣಲ್ಲಿ ಅದು ನೂರಕ್ಕೆ 16ರವರೆಗೆ ಇರುತ್ತದೆ. ಅಲ್ಲಿಯವರ ತಿಜೋರಿ ದೊಡ್ಡದು, ಇಲ್ಲಿಯದು ಸಣ್ಣ ಡಬ್ಬಿ. ಒಂದು ಎಕರೆಯಲ್ಲಿ 30 ಅಡಿ ಗರಸು-ಕೊಳೆತ ಕಲ್ಲು ಪೂರ್ತಿ ತುಂಬಿದ್ದರೆ ಸಿಗುವ ನೀರು 7 ಲಕ್ಷ ಲೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೇ.

ಈ ಸಣ್ಣ ಡಬ್ಬಿಯನ್ನೇ ಮಾರುವುದೆಂದರೆ ಏನು? ಗರಸಿನ ವ್ಯಾಪಾರ ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಒಂದು ಎಕರೆ ಮರಡಿಯನ್ನು 10 ಅಡಿ ಆಳ ಕೆರೆದರೆ 4,356 ಬ್ರಾಸ್, 4 ಬ್ರಾಸಿನ ಟಿಪ್ಪರ್ ಆದರೆ ಸಾವಿರಕ್ಕೂ ಹೆಚ್ಚು ಟ್ರಿಪ್ಪು. ಅಷ್ಟು ಗರಸಿನ ಜೊತೆ ಊರಿಂದ ಹೋಗುವುದು ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹಿಡಿದು ಕೆಳಗೆ ಬಿಡುವ ಜಾಗ. ನೀರು ಮಾರಿದರೆ ಮುಂದಿನ ಮಳೆಗೆ ಮತ್ತೆ ತುಂಬೀತು. ಕೊಡವನ್ನೇ ಮಾರಿದರೆ ಮಳೆ ಬಂದರೂ ತುಂಬಲು ಏನೂ ಇರುವುದಿಲ್ಲ. ಗರಸಿನ ದುಡ್ಡು ಒಂದೇ ಸಲ ಬರುತ್ತದೆ, ನಷ್ಟ ಮಾತ್ರ ಪ್ರತಿ ವರ್ಷ.

ಹಂಗಾದರೆ ಗರಸು ಬೇಡವೇನು?

ಇದು ನ್ಯಾಯವಾದ ಪ್ರಶ್ನೆ. ಗರಸು ಬೇಕು. ಅದೂ ಎರಿ ನಾಡಿಗೆ ಹೆಚ್ಚು ಬೇಕು. ಎರಿಯ ಮೇಲೆ ನೇರ ಮನೆ ಕಟ್ಟಿದರೆ ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕುಗ್ಗಿ ಗೋಡೆ ಸೀಳುತ್ತದೆ. ಹಳಬರು ಊರಿನ ನೆಲಕ್ಕೆ 'ಪಾಂಢರಿ', ಹೊಲಕ್ಕೆ 'ಕಾಳಿ' ಎಂದು ಬೇರೆ ಬೇರೆ ಹೆಸರಿಟ್ಟು ಮನೆಗಳನ್ನು ಬಿಳಿಮಣ್ಣಿನ ಮೇಲೆ ಕಟ್ಟಿದ್ದರಲ್ಲಿ ಈ ತಿಳಿವಳಿಕೆಯೂ ಇದೆ. ಇಂದು ಊರು ಬೆಳೆದು ಎರಿಯ ಮೇಲೆ ಬಂದಿದೆ. ಹೀಗಾಗಿ ಪಾಯಕ್ಕೆ ಗರಸು ತುಂಬಲೇಬೇಕು. ರಸ್ತೆಗೂ ಅಷ್ಟೇ. ಸೊಲ್ಲಾಪುರ-ವಿಜಯಪುರ ನಡುವಿನ ರಾಷ್ಟ್ರೀಯ ಹೆದ್ದಾರಿ 52ರಲ್ಲಿ 2021ರ ಫೆಬ್ರುವರಿಯಲ್ಲಿ 18 ತಾಸಿನಲ್ಲಿ 25.54 ಕಿ.ಮೀ. ಒಂದು ಪಥದ ಡಾಂಬರೀಕರಣ ಮಾಡಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಒಳ್ಳೆಯ ರಸ್ತೆ ಯಾರಿಗೆ ಬೇಡ? ದವಾಖಾನೆಗೆ, ಮಾರ್ಕೆಟ್ಟಿಗೆ, ಬೀಗರ ಊರಿಗೆ ಬೇಗ ಮುಟ್ಟುತ್ತೇವೆ. ಆದರೆ ಕಲ್ಲು ಗರಸಾಗಲು, ಗರಸು ಒಂದು ಇಂಚು ಮಣ್ಣಾಗಲು ನೂರಾರು ವರ್ಷ ಬೇಕು. ತಾಸಿನ ಕೆಲಸಕ್ಕೆ ಯುಗದ ಸಾಮಾನು ಬಳಸುವಾಗ ಎಲ್ಲಿಂದ ತೆಗೆಯಬೇಕು ಎಂದಾದರೂ ಕೇಳಬೇಕಲ್ಲವೇ? ಪ್ರಶ್ನೆ ಗರಸು ಬೇಕೋ ಬೇಡವೋ ಎಂಬುದಲ್ಲ. ಯಾವ ಜಾಗದ್ದು, ಎಷ್ಟು ಆಳದ್ದು ಎಂಬುದು.

"ತೆಗ್ಗು ಬಿದ್ದರ ಒಳ್ಳೇದ ಆತಲ್ಲರಿ, ನೀರು ನಿಲ್ಲತದ, ಶೇತತಳೆ ಆಗತದ" ಎಂಬ ಮಾತೂ ಕೇಳಿಬರುತ್ತದೆ. ಇದು ಅರ್ಧ ಸತ್ಯ. ತಳದಲ್ಲಿ ಬಿರುಕಿನ ಕಲ್ಲು ಇದ್ದರೆ ತಗ್ಗಿನ ನೀರು ಇಳಿದೀತು. ಆದರೆ ಜೆಸಿಬಿ ನಿಲ್ಲುವುದು ಎಲ್ಲಿ? ಹಲ್ಲು ನಾಟದ ಗಟ್ಟಿ ಕಲ್ಲು ಬಂದಾಗ. ಅಂದರೆ ನೀರು ಇಳಿಯುವ ಪದರು ಅಷ್ಟೂ ತೆಗೆದು, ಇಳಿಯದ ಪದರಿನ ಮೇಲೆ ನೀರು ನಿಲ್ಲಿಸಿದಂತೆ. ಅದು ಬಿಸಿಲಿಗೆ ಆರುತ್ತದೆ. ಮೇಲಿನಿಂದ ಬಂದ ಹೂಳು ತಳದ ಇದ್ದಬದ್ದ ಬಿರುಕನ್ನೂ ಮೆತ್ತಿಬಿಡುತ್ತದೆ. ದನ-ಕರು, ಈಜಲು ಹೋದ ಹುಡುಗರು ಬೀಳುವ ಭಯ ಬೇರೆ.

ಬಡತನದ ಮಾತು ಬೇರೆ ಇದೆ. ಒಂದು ಮನೆಗೆ ಇವತ್ತೇ ದುಡ್ಡು ಬೇಕಾಗಿರುತ್ತದೆ. ಅಂಥವರಿಗೆ ಬರೀ ಉಪದೇಶ ಮಾಡಿದರೆ ಅನ್ಯಾಯ. ಆದರೆ ಇದೂ ನಿಜ: ಮರಡಿ ಒಬ್ಬನದು, ಅದರಿಂದ ಬಸಿಯುವ ನೀರು ಹತ್ತು ಮಂದಿಯದು. ಮಾರುವ ಹಕ್ಕು ಒಬ್ಬನದಾಗಿ, ಹಾನಿ ಹತ್ತು ಮಂದಿಯದಾದಾಗ ಊರು ನಡುವೆ ಬರಲೇಬೇಕು.

ಆಳ ಹೋದಷ್ಟು ನೀರು ಎಂಬ ಭ್ರಮೆ

ಬಾವಿ ಬತ್ತಿದ ಮೇಲೆ ಉಳಿಯುವುದು ಬೋರಿನ ಆಸೆ. ತೆಂಗಿನಕಾಯಿ ಹಿಡಿದು ನೀರು ನೋಡುವವರು ಬರುತ್ತಾರೆ. 200 ಅಡಿಗೆ ಧೂಳು, 400ಕ್ಕೆ ಧೂಳು. "ಇನ್ನೊಂದು ನೂರು ಹೊಡಸೂನು ಮಾಮಾ, ಇಷ್ಟ ದುಡ್ಡ ಹಾಕೀವಿ" ಎಂದು ಅಳಿಯ ಅನ್ನುತ್ತಾನೆ. ಕಲ್ಲಿನ ಸ್ವಭಾವ ಅದಕ್ಕೆ ವಿರುದ್ಧ ಇದೆ. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕು ಬಿಗಿಯುತ್ತವೆ, ಕೊಳೆತ ಪದರು ಇರುವುದಿಲ್ಲ. ಅಪರೂಪಕ್ಕೆ ಎರಡು ಲಾವಾ ಪದರುಗಳ ನಡುವೆ ಸೆಲೆ ಸಿಗುತ್ತದೆ. ಸಿಕ್ಕರೆ ಅದು ಬಹಳ ಕಾಲ ಕೂಡಿದ ನೀರು. ವರ್ಷ ಎರಡು ವರ್ಷ ಹರಿದು ನಿಲ್ಲುತ್ತದೆ, ಮರಳಿ ತುಂಬಲು ದಾರಿ ಕಡಿಮೆ. ಒಂದು ಆಳದ ಬೋರು ಮೇಲಿನ ಪದರಿನ ನೀರನ್ನೂ ಕೆಳಗೆಳೆದರೆ ನೆರೆಯವನ ತೆರೆದ ಬಾವಿಯೂ ಬತ್ತುತ್ತದೆ. ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಸಾಕು.

ಮಹಾರಾಷ್ಟ್ರದ 2009ರ ಭೂಜಲ ಕಾಯ್ದೆ 60 ಮೀಟರ್, ಅಂದರೆ ಸುಮಾರು 200 ಅಡಿ ಮುಟ್ಟಿದ ಬಾವಿಯನ್ನು ಆಳಬಾವಿ ಎಂದು ಕರೆದು ಕೃಷಿಗೆ ಅದನ್ನು ಕೊರೆಯಲು ತಡೆ ಒಡ್ಡಿದ್ದು ಇದಕ್ಕೇ. ಕಾಯ್ದೆ ಪುಸ್ತಕದಲ್ಲಿದೆ. ಬೋರ್ ಗಾಡಿ ಹೊಲದಲ್ಲಿದೆ.

ಗಡಿಭಾಗದಲ್ಲಿ ನೀರಿನ ಮಾತು ಬಂದಾಗಲೆಲ್ಲ ಯಾವ ರಾಜ್ಯ ಕೊಡಬೇಕು ಎಂಬ ಚರ್ಚೆ ಏಳುತ್ತದೆ. 2022ರ ನವೆಂಬರಿನಲ್ಲಿ ಜತ್ತದ ಊರುಗಳ ಹೆಸರು ಎರಡೂ ರಾಜ್ಯಗಳ ವಿಧಾನಸಭೆಯ ಬಾಗಿಲಿಗೆ ಹೋಗಿ ಬಂತು. ಕಾಲುವೆ ನೀರು ಕೇಳುವುದು ನ್ಯಾಯ, ಕೇಳುತ್ತಲೇ ಇರಬೇಕು. ಆದರೆ ಸರಕಾರ ಕೊಡುವ ನೀರಿಗೆ ಕಾಯುತ್ತ ಮಳೆ ಕೊಡುವ ನೀರಿನ ಬಾಗಿಲನ್ನು ನಾವೇ ಕಿತ್ತು ಮಾರಿದರೆ ಯಾವ ರಾಜ್ಯವೂ ಜವಾಬ್ದಾರಿ ಆಗುವುದಿಲ್ಲ.

ಊರು ಮಾಡಬಹುದಾದದ್ದು

ದೊಡ್ಡ ಯೋಜನೆ ಬೇಕಾಗಿಲ್ಲ. ಗ್ರಾಮಸಭೆಯಲ್ಲಿ ನಾಲ್ಕು ಮಾತು ನಿಶ್ಚಯವಾದರೆ ಸಾಕು.

ಮೊದಲನೆಯದು, ಊರಿನ ಬಾವಿಗಳ ಮೇಲ್ಬದಿಯ ಮರಡಿ ಯಾವುವು ಎಂದು ಗುರುತು ಮಾಡುವುದು. ಆ ಜಾಗದ ಗರಸಿಗೆ ಊರು ಒಪ್ಪಿಗೆ ಕೊಡಬಾರದು. ಗರಸು ಗೌಣ ಖನಿಜ. ತೆಗೆಯಲು ತಹಸೀಲ್ದಾರ ಕಚೇರಿಯ ಪರವಾನಗಿ ಬೇಕು, ರಾಯಲ್ಟಿ ತುಂಬಬೇಕು. ಪರವಾನಗಿಗೆ ಅರ್ಜಿ ಹೋದಾಗ 'ಇದು ನೀರಿನ ಜಾಗ' ಎಂಬ ಗ್ರಾಮಸಭೆಯ ಠರಾವು ತಲಾಠಿಯ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಎರಡನೆಯದು, ತೆಗೆಯಲೇಬೇಕಾದಲ್ಲಿ ತಗ್ಗಿನ ಕಡೆಯದು, ಕಡಿಮೆ ಆಳದ್ದು ತೆಗೆಯುವುದು. ಗಟ್ಟಿ ಕಲ್ಲು ಕಾಣುವ ಮೊದಲೇ ನಿಲ್ಲಿಸುವುದು. ಹೊಲಕ್ಕೆ ಮಣ್ಣು ಬೇಕಾದವರು ಕೆರೆಯ ಹೂಳು ತರಬಹುದು. ಮಹಾರಾಷ್ಟ್ರ ಸರಕಾರ 2017ರಲ್ಲಿ ತಂದ 'ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ' ಯೋಜನೆಯ ಉದ್ದೇಶವೇ ಅದು. ಹೂಳು ಎಂದರೆ ಮೇಲಿನ ಹೊಲಗಳಿಂದ ತೊಳೆದು ಹೋದ ನಮ್ಮದೇ ಎರಿ. ಅದನ್ನು ಮರಳಿ ತರುವುದರಲ್ಲಿ ಕೆರೆಗೂ ಲಾಭ, ಹೊಲಕ್ಕೂ ಲಾಭ.

ಮೂರನೆಯದು, ಬೋರು ಹೊಡೆಸುವವರು ಪ್ರತಿ 10 ಅಡಿಗೆ ಬಂದ ಪುಡಿಯನ್ನು ಒಂದೊಂದು ಪುಡಿಕೆ ಕಟ್ಟಿ, ಬಣ್ಣ, ಆಳ, ನೀರು ಬಂದ ಅಡಿ ಬರೆದು ಪಂಚಾಯತಿಯಲ್ಲಿ ಇಡುವುದು. ಐವತ್ತು ಬೋರಿನ ಲೆಕ್ಕ ಕೂಡಿದರೆ ಊರಿನ ನೆಲದೊಳಗಿನ ನಕಾಶೆ ತಾನೇ ತಯಾರಾಗುತ್ತದೆ. ಐವತ್ತೊಂದನೆಯವನ ದುಡ್ಡು ಧೂಳಿಗೆ ಹೋಗುವುದು ತಪ್ಪೀತು. 2019ರ ಡಿಸೆಂಬರಿನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಇದ್ದವು. ಊರು ತನ್ನ ನೀರಿನ ಅಂದಾಜುಪತ್ರಿಕೆ ತಾನೇ ಬರೆಯಬೇಕು ಎಂಬುದು ಅದರ ತಿರುಳು. ಯೋಜನೆ ಇರಲಿ, ಬಿಡಲಿ, ಲೆಕ್ಕ ಬರೆಯಲು ಒಂದು ವಹಿ, ಒಂದು ಪೆನ್ನು ಸಾಕು.

ನಾಲ್ಕನೆಯದು ಗಡಿಭಾಗದ ಕನ್ನಡ ಶಾಲೆಗಳ ಕೆಲಸ. ಪಾಠಪುಸ್ತಕದಲ್ಲಿ ಮಕ್ಕಳು 'ಕಪ್ಪು ಮಣ್ಣು' ಎಂದು ಓದುತ್ತಾರೆ, ಅಜ್ಜ ಎರಿ ಅನ್ನುತ್ತಾನೆ, ಸರಕಾರಿ ಕಾಗದ ಮರಾಠಿಯಲ್ಲಿ ಬರುತ್ತದೆ. ಮೂರೂ ಒಂದೇ ಎಂದು ಹೇಳಿಕೊಡುವವರು ಇಲ್ಲ. ಎರಿ, ಮಸಾರಿ, ಗರಸು, ಸವಳು, ಮರಡಿ, ಸೆಲೆ ಎಂಬ ಒಂದೊಂದು ಶಬ್ದದಲ್ಲೂ ಒಂದೊಂದು ತಿಳಿವಳಿಕೆ ಇದೆ. ಮಕ್ಕಳನ್ನು ಒಂದು ದಿನ ಗುರುಗಳ ಜೊತೆ ಊರ ಬಾವಿಯ ಕಡೆ ಕರೆದೊಯ್ದು, ದಂಡೆಯಲ್ಲಿ ಕೂರಿಸಿ, ಗೋಡೆಯ ಪದರಿನ ಚಿತ್ರ ಬರೆಸಿದರೆ ಅದಕ್ಕಿಂತ ದೊಡ್ಡ ಭೂಗೋಳದ ಪಾಠ ಇಲ್ಲ.

ಒಣಬೇಸಾಯದ ಸಂಶೋಧನೆಗೆ 1930ರ ದಶಕದಲ್ಲಿ ದೇಶದಲ್ಲಿ ಆರಿಸಿದ ಕೆಲವೇ ಜಾಗಗಳಲ್ಲಿ ಸೊಲ್ಲಾಪುರ, ವಿಜಯಪುರ ಎರಡೂ ಇದ್ದವು. ಆಗ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು, ಅಕ್ಕಲಕೋಟೆ, ಜತ್ತ ಸಂಸ್ಥಾನಗಳಾಗಿದ್ದವು. ಇಳುಕಲಿಗೆ ಅಡ್ಡ ಒಡ್ಡು ಹಾಕಿ ಬಿದ್ದ ಮಳೆ ಬಿದ್ದಲ್ಲೇ ಇಂಗಿಸಬೇಕು ಎಂಬುದು ಅಂದಿನ ಪಾಠ. 1972ರ ಬರದಲ್ಲಿ ಊರ ಮಂದಿ ಕೈಯಾರೆ ಕಟ್ಟಿದ ಪಾಝರ ತಲಾವ, ಅಂದರೆ ಜಿನುಗು ಕೆರೆಗಳೂ ಅದೇ ಪಾಠ ಹೇಳಿದವು. ಅದಕ್ಕೂ ಎಂಟು ನೂರು ವರ್ಷ ಹಿಂದೆ ಸೊನ್ನಲಿಗೆಯಲ್ಲಿ, ಅಂದರೆ ಇದೇ ಸೊಲ್ಲಾಪುರದಲ್ಲಿ, ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ಕಾಯಕ ಮಾಡಿಕೊಂಡಿದ್ದರು. ಪ್ರತಿ ಸಂಕ್ರಮಣದ ಗಡ್ಡಾ ಜಾತ್ರೆಗೆ ಲಕ್ಷ ಮಂದಿ ಬಂದು ಆ ಕೆರೆಯ ದಂಡೆಯಲ್ಲಿ ಕೈ ಮುಗಿಯುತ್ತಾರೆ.

ಕೆರೆಗೆ ಕೈ ಮುಗಿಯುವ ಊರು ಆ ಕೆರೆಗೆ, ಬಾವಿಗೆ ನೀರು ಕಳಿಸುವ ಮರಡಿಯನ್ನೂ ಒಮ್ಮೆ ತಿರುಗಿ ನೋಡಲಿ. ಬೇಸಿಗೆ ಬರುವ ಮೊದಲು ನಡೆಯುವ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಒಂದೇ ಪ್ರಶ್ನೆ ಕೇಳಲಿ: "ನಮ್ಮ ಊರಿನ ಬಾವಿಗಿ ನೀರು ಯಾವ ಮರಡಿಯಿಂದ ಬರತದ್ರಿ?" ಉತ್ತರ ಗೊತ್ತಾಗುವವರೆಗೆ ಟಿಪ್ಪರ್ ನಿಲ್ಲಲಿ. ಉತ್ತರ ಗೊತ್ತಾದ ಮೇಲೆ ಆ ಜಾಗಕ್ಕೆ ಖರಾಬ ಅನ್ನುವವರು ಇರಲಾರರು.